ಬೆನ್ನು ಮಾಡಿ ಕೂತವನು

ಮೆಣಸಿನಕಾಯಿಯನ್ನು ಕಣದಲ್ಲಿ ಹರವಿದ ದಿನವೇ ಮೋಡ ಬರುವುದು ಯರಗುಪ್ಪಿಯಲ್ಲಿ ಹೊಸ ಸಂಗತಿಯೇನಲ್ಲ. ಆಕಾಶಕ್ಕೂ ಒಣಮೆಣಸಿನಕಾಯಿಗೂ ಯಾವ ಜನ್ಮದ ಹಗೆಯೋ ಏನೋ. ಅವತ್ತೂ ಊಟದ ಹೊತ್ತಿಗೆ ಪಡುವಣ ದಿಕ್ಕು ಕಪ್ಪಾಗಿದ್ದನ್ನು ಕಂಡು ರೋಹಿಣಿ, ಕೂಲಿಗೆ ಬಂದ ಹೆಂಗಸರನ್ನು ಕಾಯಿ ರಾಶಿ ಒಟ್ಟಲು ಹಚ್ಚಿ, ಮೇಲೆ ಮುಚ್ಚಲು ತಾಡಪತ್ರಿ ತರಲೆಂದು ಮನೆಗೆ ಓಡಿಬಂದಳು. ಬೆಳಗಿನಿಂದ ಒಡೆದ ಕಾಯಿ ಆರಿಸಿ ಆರಿಸಿ ಎರಡೂ ಅಂಗೈ ಕೆಂಡ ಹಿಡಿದಂತೆ ಉರಿಯುತ್ತಿದ್ದವು. ಎಣ್ಣೆ ಹಚ್ಚಿ ತೊಳೆದುಕೊಳ್ಳಲು ಪುರುಸೊತ್ತು ಎಲ್ಲಿತ್ತು?

ಮನೆಯ ಬಾಗಿಲು ಮುಂದಕ್ಕೆ ಮಾಡಿತ್ತು. ಹೊಸ್ತಿಲಿಗೆ ಅಡ್ಡವಾಗಿ ಸುಶೀಲವ್ವ ಕೂತಿದ್ದಳು. ಈಕೆ ರೋಹಿಣಿಯ ಅತ್ತೆ ಶಿವಗಂಗವ್ವನ ಒಡಹುಟ್ಟಿದ ತಂಗಿ. ಅವಳ ಮನೆ ಎದುರಿನ ಓಣಿಯಲ್ಲೇ. ಅಕ್ಕ ಹಗ್ಗ ತೋರಿಸಿ ಹಾವು ಅಂದರೆ, ಹೌದೋ ಅಲ್ಲವೋ ಕೇಳದೆ ಕಟ್ಟೆ ಹತ್ತಿ ನಿಲ್ಲುವ ಸ್ವಭಾವ. ರೋಹಿಣಿಯನ್ನು ಕಂಡದ್ದೇ ತುಟಿಯ ಮೇಲೆ ಬೆರಳಿಟ್ಟಳು.

"ಸಪ್ಪಳ ಮಾಡಬ್ಯಾಡವಾ. ಅಕ್ಕ ಯಾನಕ್ಕ ಕುಂತಾಳ. ಯಾರನ್ನೂ ಒಳಗ ಬಿಡಬ್ಯಾಡ ಅಂತ ನಿನ್ನ ಗಂಡ ಫೋನಿನಾಗ ಹೇಳ್ಯಾನ."

"ಯಾವಾಗ ಕುಂತಾರ್ರಿ ಸಣ್ಣತ್ತಿ?"

"ಮುಂಜಾನಿ ನೀ ಹೊಲಕ್ಕ ಹೋದಿ ನೋಡು, ಅದರ ಹಿಂದನ."

ಮುಂಜಾನೆಯಿಂದ! ರೋಹಿಣಿ ಸುಶೀಲವ್ವನ ಕಾಲು ದಾಟಿಕೊಂಡು ಒಳಗೆ ನುಗ್ಗಿದಳು.

ಪಡಸಾಲೆಯ ಮೂಡಣ ಗೋಡೆಗೆ ಆನಿ ಶಿವಗಂಗವ್ವ ಕೂತಿದ್ದಳು. ಹಣೆಯ ತುಂಬ ವಿಭೂತಿ. ಚಕ್ಕಳಮಕ್ಕಳ ಹಾಕಿದ ಕಾಲು. ತೊಡೆಯ ಮೇಲಿಟ್ಟ ಎಡಗೈಯಲ್ಲಿ ಇಷ್ಟಲಿಂಗ. ಕತ್ತು ಒಂದು ಮಗ್ಗುಲಿಗೆ ವಾಲಿ, ಬಾಯಿ ತುಸುವೇ ತೆರೆದಿತ್ತು.

ರೋಹಿಣಿ ಬಾಗಿಲ ಒಳಗೇ ನಿಂತುಬಿಟ್ಟಳು. ಬೇರೆಯವರ ಮನೆಯಲ್ಲಿ ಸತ್ತವರನ್ನು ಮಲಗಿಸುತ್ತಾರೆ. ಇವರ ಪದ್ಧತಿಯಲ್ಲಿ ಹೆಣ ಮಲಗುವುದಿಲ್ಲ. ಗೋಡೆಗೆ ಆನಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ ಬಳಿಯುತ್ತಾರೆ, ಎಡಗೈಯಲ್ಲಿ ಲಿಂಗ ಇಡುತ್ತಾರೆ, ಕೂತ ಹಾಗೆಯೇ ಮಣ್ಣಿಗಿಳಿಸುತ್ತಾರೆ. ಪೂಜೆಗೆ ಕೂತವರಿಗೂ ಕೊನೆಗೆ ಕೂರಿಸಿದವರಿಗೂ ಇರುವ ವ್ಯತ್ಯಾಸ ಉಸಿರೊಂದೇ, ಅದು ಬಾಗಿಲಲ್ಲಿ ನಿಂತು ನೋಡುವವರಿಗೆ ಕಾಣುವುದಿಲ್ಲ. ಅದರ ಮೇಲೆ ಈ ಗೋಡೆ. ಎರಡು ವರ್ಷದಿಂದ ಈ ಗೋಡೆಗೆ ಮನೆಯವರು ಯಾರೂ ಬೆನ್ನು ಹಚ್ಚಿರಲಿಲ್ಲ.

ಇಲ್ಲಿಯೇ ಕೂರಿಸಿದ್ದು ಸಂಗನಬಸವನನ್ನು. ಶಿವಗಂಗವ್ವನ ಕಿರಿಯ ಮಗ, ರೋಹಿಣಿಯ ಮೈದುನ. ಮದುವೆ ಗೊತ್ತಾಗಿತ್ತು. ಮಗನ ಮದುವೆ ಸುಸೂತ್ರವಾಗಲಿ ಎಂದು ಹರಕೆ ಹೊತ್ತು ತಾಯಿ ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಳು. ಅವಳು ಅತ್ತ ಮಲ್ಲಯ್ಯನ ದಾರಿ ಹಿಡಿದಾಗ ಇತ್ತ ಮಗ ಹೊಟ್ಟಿನ ಟ್ರ್ಯಾಕ್ಟರನ್ನು ಹಳ್ಳ ದಾಟಿಸಲು ಹೋಗಿ ಮಗುಚಿಬಿದ್ದ. ಗಾಲಿ ಹರಿದದ್ದು ಮುಖದ ಮೇಲೆ. ಮುಖ ಎನ್ನುವಂಥದ್ದು ಉಳಿದಿರಲಿಲ್ಲ. ಬಿಳಿಬಟ್ಟೆ ಸುತ್ತಿ, ಅದರ ಮೇಲೆಯೇ ವಿಭೂತಿ ಬಳಿದು, ಸೇವಂತಿಗೆ ಹೂವಿನಲ್ಲಿ ಮುಚ್ಚಿ ಕೂರಿಸಿದರು. ಆ ಬಟ್ಟೆ ಸುತ್ತುವಾಗ ತಲೆಯನ್ನು ಹಿಡಿದುಕೊಂಡವಳು ರೋಹಿಣಿ. ಇವತ್ತಿಗೂ ಅವಳು ಸೇವಂತಿಗೆ ಮುಡಿಯುವುದಿಲ್ಲ.

"ಅವ್ವ ಬರೂದರಾಗ ಮಣ್ಣಾಗಬೇಕು. ಅವ್ವ ಇದನ್ನ ನೋಡಬಾರದು," ಎಂದು ಹಿರಿಯ ಮಗ ಕಾಶಿನಾಥ, ಅಂದರೆ ರೋಹಿಣಿಯ ಗಂಡ, ಊರ ಹಿರಿಯರ ಕಾಲು ಹಿಡಿದಿದ್ದ. ಶಿವಗಂಗವ್ವ ಬಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ಮಲಗಿದಂಗ ಇದ್ದ, ಬಿಸಲಿಗೆ ಇಡಾಕ ಆಗಲಿಲ್ಲ. ಯರಗುಪ್ಪಿಯ ಜನ ಬಾವಿಗೆ ಬಿದ್ದ ಕೊಡದ ಸುದ್ದಿಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರಲ್ಲ. ಆದರೆ ಈ ಒಂದು ಸಂಗತಿಯಲ್ಲಿ ಊರಿಗೆ ಊರೇ ಬಾಯಿ ಹೊಲಿದುಕೊಂಡಿತು.

ಕರುಣೆಯಿಂದ ಆಡಿದ ಸುಳ್ಳೇ. ಆದರೆ ಆ ಸುಳ್ಳು ಕೇಳಿದ ತಾಯಿಗೆ ಸಮಾಧಾನವಾಗುವ ಬದಲು ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಮಲಗಿದ ಹಾಗೆ ಇದ್ದನಂತೆ, ಎಲ್ಲರೂ ನೋಡಿದರಂತೆ, ಹೆತ್ತವಳಿಗೆ ಮಾತ್ರ ಆ ಮುಖ ಸಿಗಲಿಲ್ಲ! ರೊಟ್ಟಿ ಬಡಿಯುವಾಗ, ಕಾಳು ಹಸನು ಮಾಡುವಾಗ ಅವಳ ಬಾಯಲ್ಲಿ ಅದೇ: "ಮಾರಿ ನೋಡಲಿಲ್ಲ ನಾ. ಕಡೀಕ ಮಾರಿ ನೋಡಲಿಲ್ಲ." ಅದನ್ನು ಕೇಳಿದಾಗಲೆಲ್ಲ ಕಾಶಿನಾಥ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದ.

ಹೀಗಿರುವಾಗ ಬಂದು ವಕ್ಕರಿಸಿದ್ದು ಬಯಲುಯಾನ ಶಿಬಿರ. ಕುಂದಗೋಳದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಕಾಶಿನಾಥನ ಫೋನಿಗೆ ಯಾರೋ ವಿಡಿಯೋ ಕಳಿಸಿದರು: ದೇಹದಿಂದ ಹೊರಗೆ ಬನ್ನಿ, ಅಗಲಿದವರನ್ನು ಕಣ್ಣಾರೆ ಕಾಣಿ. ಮೊದಲ ದಿನ ಪುಕ್ಕಟೆ ಅಂದದ್ದಕ್ಕೆ ರೋಹಿಣಿಯೂ ಗಂಡ ಮತ್ತು ಅತ್ತೆಯ ಜೊತೆ ಹುಬ್ಬಳ್ಳಿಗೆ ಹೋಗಿದ್ದಳು. ತಣ್ಣನೆಯ ಹಾಲ್, ಮೆತ್ತನೆಯ ಚಾಪೆ, ಬಿಳಿ ಜುಬ್ಬದ ಯಾನಗುರು. ಶರಣರು ಬಯಲು ಎಂಬ ಮಾತನ್ನು ಯಾರಿಂದಲೂ ಏನೂ ಕೇಳದೆ ಕೊಟ್ಟು ಹೋದರು. ಈ ಮಹಾಶಯ ಅದಕ್ಕೆ ಬೆಳ್ಳಿ ಹಂತ, ಬಂಗಾರ ಹಂತ ಎಂದು ಮೆಟ್ಟಿಲು ಕಟ್ಟಿ, ಮೆಟ್ಟಿಲಿಗೊಂದು ಹಣದ ಚೀಟಿ ಹರಿಯುತ್ತಿದ್ದ.

ರೋಹಿಣಿ ಸುಮ್ಮನೆ ಬಿಡುವವಳಲ್ಲ. ಗಂಡ ಬೆಳ್ಳಿ ಹಂತ ಮುಗಿಸಿ ಬಂದಾಗ ಅಡುಗೆಮನೆಯ ಅಟ್ಟದ ಮೇಲೆ ಒಂದು ವಸ್ತು ಇಟ್ಟು, "ಹೊರಗ ಬರಾಕ ಬರತೈತಿ ಅಂತೀರಲ್ಲ, ಅಟ್ಟದ ಮ್ಯಾಲ ಏನೈತಿ ನೋಡಿಕೊಂಡ ಬರ್ರಿ," ಎಂದಳು. ಕಾಶಿನಾಥ ಕಿವಿಗೆ ಇಯರ್‌ಫೋನ್ ಸಿಗಿಸಿ ಬಹಳ ಹೊತ್ತು ಮಲಗಿ ಎದ್ದು, "ಬೆಳ್ಳಗ ಹೊಳೀತೈತಿ. ದುಂಡಗೈತಿ," ಎಂದ. ಇಟ್ಟದ್ದು ಅವನದೇ ಹರಿದ ಚಪ್ಪಲಿ. ಯಾನಗುರುವನ್ನು ಕೇಳಿದರೆ, ಪರೀಕ್ಷೆ ಮಾಡುವವರು ಮನೆಯಲ್ಲಿದ್ದರೆ ದಾರಿ ಮಸುಕಾಗುತ್ತದಂತೆ. ಹುಡುಗರು ಪರೀಕ್ಷೆ ದಿನವೇ ಜ್ವರ ಬಂತು ಅನ್ನುತ್ತಾರಲ್ಲ, ಹಾಗೆ. ಆ ಚಪ್ಪಲಿಯ ಕಥೆ ಹೇಳಿ ರೋಹಿಣಿ ಓಣಿಯನ್ನೆಲ್ಲ ನಗಿಸಿದ್ದಳು.

ನಗದೆ ಇದ್ದವಳು ಶಿವಗಂಗವ್ವ ಒಬ್ಬಳೇ. ಅವಳು ಅದನ್ನು ಎದೆಗೆ ಹಚ್ಚಿಕೊಂಡಿದ್ದಳು. ಹೊರಗೆ ಹೋದ ಜೀವಕ್ಕೂ ಒಳಗೆ ಉಳಿದ ದೇಹಕ್ಕೂ ನಡುವೆ ಒಂದು ಬೆಳ್ಳಿ ದಾರ ಇರುತ್ತದೆ, ಜೀವ ಹೊರಗಿದ್ದಾಗ ಯಾರಾದರೂ ದೇಹವನ್ನು ಮುಟ್ಟಿದರೆ ಆ ದಾರ ಹರಿಯುತ್ತದೆ, ಹರಿದರೆ ಜೀವಕ್ಕೆ ತಿರುಗಿ ಬರಲು ದಾರಿ ಇಲ್ಲ ಎಂದು ಶಿಬಿರದಲ್ಲಿ ಹೇಳಿದ್ದರು. ಹೇಳಿ ಒಂದು ಬೆಳ್ಳಿಬಣ್ಣದ ದಾರವನ್ನೂ ಮಾರಿದ್ದರು. ಶಿವಗಂಗವ್ವ ಕೊರಳಲ್ಲಿನ ಲಿಂಗದ ಕರಡಿಗೆಗೆ ಕಟ್ಟಿದ್ದ ಹಳೆಯ ಶಿವದಾರ ಬಿಚ್ಚಿ ಅದನ್ನೇ ಕಟ್ಟಿಕೊಂಡಳು. ಶಿಬಿರದವರು ಮಲಗಿ ಎಂದರೆ ಮಲಗಲಿಲ್ಲ. "ಮಲಗಿ ಹೋಗೋರು ಬ್ಯಾರೆ ಮಂದಿ. ನಾವು ಕುಂತನ ಹೋಗೂದು," ಎಂದಳು. ಆ ಮಾತಿಗೂ ರೋಹಿಣಿ ಅವತ್ತು ನಕ್ಕಿದ್ದಳು. ಲಿಂಗ ಕೈಯಲ್ಲಿ ಹಿಡಿದು ಕೂತವರನ್ನು ಮಾತಾಡಿಸಬಾರದು, ಮುಟ್ಟಬಾರದು ಎನ್ನುವುದು ಆ ಮನೆಯಲ್ಲಿ ಮೊದಲಿನಿಂದ ಇದ್ದ ಕಟ್ಟು. ಶಿಬಿರದವರ ಕಟ್ಟು ಅದರ ಮೇಲೆ ಹೋಗಿ ಕೂತಿತು. ಒಂದಕ್ಕೆ ಎರಡು ಬೀಗ.

ಈಗ ಆ ಬೀಗದ ಮುಂದೆ ರೋಹಿಣಿ ನಿಂತಿದ್ದಳು.

ಕಣ್ಣು ಗೂಡಿನತ್ತ ಹೋಯಿತು. ಬೆಳಿಗ್ಗೆ ತಾನೇ ಇಟ್ಟುಹೋದ ತಾಟು ಅಲ್ಲಿತ್ತು. ಮುಚ್ಚಿದ ತಟ್ಟೆ ಎತ್ತಿದಳು. ರೊಟ್ಟಿ ಇಟ್ಟ ಹಾಗೆಯೇ ಇತ್ತು. ಹೆಸರುಕಾಳಿನ ಪಲ್ಯದ ಮೇಲೆ ಪೊರೆ ಕಟ್ಟಿತ್ತು. ಶಿವಗಂಗವ್ವನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಸೂಜಿ, ಸೂಜಿಯ ಬೆನ್ನಿಗೇ ರೊಟ್ಟಿ. ಇವತ್ತೂ ಸೂಜಿ ಚುಚ್ಚಿದವಳು ರೋಹಿಣಿಯೇ. "ಉಣ್ತೀನಿ ಹೋಗವಾ, ನಿಂಗ ಹೊತ್ತಾತು," ಎಂದಿದ್ದಳು ಅತ್ತೆ. ಸೂಜಿ ಹಾಕಿಕೊಂಡು ಉಣ್ಣದೆ ಕೂತರೆ ರಕ್ತದಲ್ಲಿನ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಮೈಯೆಲ್ಲ ಬೆವತು ಎಚ್ಚರ ತಪ್ಪುತ್ತದೆ, ಬಿಟ್ಟರೆ ಜೀವವೇ ಹೋಗುತ್ತದೆ ಎಂದು ಡಾಕ್ಟರು ಸೂಜಿ ಕೊಟ್ಟ ದಿನವೇ ಅತ್ತೆ-ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

ಹತ್ತಿರ ಹೋಗಿ ಬಗ್ಗಿ ನೋಡಿದಳು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ, ಕೆನ್ನೆಯ ಮೇಲೆ ಬಿಳಿ ಗೆರೆಯಾಗಿ ಇಳಿದಿತ್ತು. ಕುಪ್ಪಸ ತೊಯ್ದು ಮೈಗೆ ಅಂಟಿತ್ತು. ಸತ್ತವರು ಬೆವರುವುದಿಲ್ಲ. ಬದುಕಿದ್ದಾಳೆ! ಆ ಸಮಾಧಾನ ಒಂದು ಉಸಿರಿನಷ್ಟು ಹೊತ್ತೂ ನಿಲ್ಲಲಿಲ್ಲ. ಬದುಕಿದ್ದಾಳೆ, ಆದರೆ ಎಷ್ಟು ಹೊತ್ತು?

"ಅತ್ತಿ! ಅತ್ತಿ, ಕಣ್ಣ ತಗೀರಿ!"

ರೋಹಿಣಿ ಕೈ ಚಾಚಿದಳು. ಹಿಂದಿನಿಂದ ಸುಶೀಲವ್ವ ಬಂದು ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಮುಟ್ಟಬ್ಯಾಡ! ದಾರ ಹರೀತೈತಿ! ನನ್ನ ಅಕ್ಕನ್ನ ಕೊಲ್ತೀಯೇನ ನೀ?"

ಇಲ್ಲಿ ಒಂದು ಮಾತು ಹೇಳಲೇಬೇಕು. ಅಟ್ಟದ ಮೇಲೆ ಚಪ್ಪಲಿ ಇಟ್ಟು ಊರನ್ನೆಲ್ಲ ನಗಿಸಿದ ಆ ರೋಹಿಣಿಯ ಕೈ ಅಲ್ಲಿಯೇ ನಿಂತಿತು. ನಗುವವರಿಗೆ ಹೆದರಿಕೆ ಇಲ್ಲ ಎಂದು ಯಾರು ಹೇಳಿದರು? ದಾರ ಎಂಬುದು ಸುಳ್ಳು ಎಂದು ಅವಳಿಗೆ ಗೊತ್ತಿತ್ತು, ಅಗದಿ ಖಾತ್ರಿ ಗೊತ್ತಿತ್ತು. ಆದರೂ ಅತ್ತೆಯ ಕೊರಳಲ್ಲಿ ಆ ಬೆಳ್ಳಿಬಣ್ಣದ ದಾರ ಬೆವರಿಗೆ ಮಿಂಚುತ್ತಿದ್ದದ್ದು ಕಣ್ಣಿಗೆ ಬಿದ್ದು, ಒಂದು ವೇಳೆ, ಎಂದಿತು ಮನಸ್ಸು. ಒಂದು ವೇಳೆ ಮುಟ್ಟಿದ ಕೂಡಲೇ ಈ ಉಸಿರು ನಿಂತರೆ? ಆಗ ಸಕ್ಕರೆಯ ಮಾತನ್ನು ಯಾರು ಕೇಳುತ್ತಾರೆ? ಸೊಸೆ ಮುಟ್ಟಿದಳು, ಅತ್ತೆ ಸತ್ತಳು. ಊರು ಅಷ್ಟನ್ನೇ ಹೇಳುತ್ತದೆ, ಗಂಡನೂ ಅಷ್ಟನ್ನೇ ನಂಬುತ್ತಾನೆ. ಮುಟ್ಟದಿದ್ದರೆ ಸಾವು ಎದುರಿಗೇ ಕೂತಿದೆ. ಅಡಕತ್ತಿನಲ್ಲಿ ಸಿಕ್ಕ ಅಡಿಕೆಯಾದಳು ರೋಹಿಣಿ.

ಗಂಡನಿಗೆ ಫೋನು ಹಚ್ಚಿದಳು.

"ಅವ್ವಾರು ಮುಂಜಾನಿಂದ ಉಂಡಿಲ್ರಿ. ಬೆವತು ಒದ್ದಿ ಆಗ್ಯಾರ. ಎಚ್ಚರ ಇಲ್ಲ. ಸಕ್ಕರಿ ಇಳದೈತಿ."

"ಮುಟ್ಟಬ್ಯಾಡ ರೋಹಿಣಿ!" ಕಾಶಿನಾಥನ ದನಿ ಒಡೆಯಿತು. "ತಡಿ. ತಡಿ ಒಂದೀಟು. ಗುರುಗಳನ್ನ ಲೈನಿಗೆ ತಗೋತೀನಿ."

ಲೈನಿಗೆ ಬಂದ ಯಾನಗುರುವಿನ ದನಿ ಬೆಣ್ಣೆ ಹಚ್ಚಿದಂತೆ ನುಣ್ಣಗಿತ್ತು. "ನೋಡಿ ಮೇಡಮ್, ಗಾಬರಿ ಆಗಬೇಡಿ. ತಾಯಿ ಈಗ ತುಂಬಾ ಆಳದಲ್ಲಿದ್ದಾರೆ. ಬೆವರು ಬರೋದು ಒಳ್ಳೇ ಲಕ್ಷಣ, ದೇಹ ಹಗುರ ಆಗ್ತಾ ಇದೆ ಅಂತ ಅರ್ಥ. ತಾವಾಗಿಯೇ ವಾಪಸ್ ಬರ್ತಾರೆ. ನೀವು ಮಧ್ಯೆ ಮುಟ್ಟಿ ಏನಾದರೂ ಹೆಚ್ಚುಕಡಿಮೆ ಆದರೆ, ಅದಕ್ಕೆ ನಮ್ಮ ಸಂಸ್ಥೆ ಜವಾಬ್ದಾರಿ ಅಲ್ಲ."

ಜವಾಬ್ದಾರಿ ಅಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ರೋಹಿಣಿಯ ಒಳಗೆ ಏನೋ ಸರಿದು ಜಾಗಕ್ಕೆ ಕೂತಿತು. ಜೀವ ಎಲ್ಲಿ ಹೋಗುತ್ತದೆ, ಎಲ್ಲಿಂದ ಬರುತ್ತದೆ ಎಂದು ಬಲ್ಲವನು ಹೀಗೆ ಮಾತಾಡುವುದಿಲ್ಲ. ಗ್ಯಾರಂಟಿ ಮುಗಿದ ಮಿಕ್ಸರನ್ನು ತಿರುಗಿ ತಂದವರಿಗೆ ಅಂಗಡಿಯವನು ಹೀಗೆ ಮಾತಾಡುತ್ತಾನೆ.

"ರೀ, ಖಾಲಿ ಹೊಟ್ಟೀಲೆ ಕುಂದರ್ರಿ ಅಂತ ಅವ್ವಾರಿಗೆ ಯಾರು ಹೇಳಿದ್ರು?"

ಕಾಶಿನಾಥ ಸಣ್ಣ ಹುಡುಗನ ದನಿಯಲ್ಲಿ, "ನಾನ," ಎಂದ.

ರೋಹಿಣಿ ಫೋನನ್ನು ನೆಲಕ್ಕೆ ಇಟ್ಟಳು, ಅತ್ತೆಯ ಭುಜಕ್ಕೆ ಕೈ ಹಾಕಿದಳು.

ಏನೂ ಹರಿಯಲಿಲ್ಲ. ಮೈ ಮಾತ್ರ ಹೊಸ ಗಡಿಗೆಯ ಹೊರಮೈಯಂತೆ ತಣ್ಣಗೆ, ಒದ್ದೆಯಾಗಿತ್ತು. ಮುಟ್ಟಿದ ರಭಸಕ್ಕೆ ಶಿವಗಂಗವ್ವ ಪಕ್ಕಕ್ಕೆ ವಾಲಿದಳು, ಎಡಗೈ ಮಗುಚಿತು, ಲಿಂಗ ಜಾರಿತು. ಸುಶೀಲವ್ವ ಕಿಟಾರನೆ ಕಿರುಚಿದಳು. ಲಿಂಗ ನೆಲಕ್ಕೆ ಬಿದ್ದರೆ ಅದನ್ನು ಧರಿಸಿದವರು ಬದುಕಿ ಉಳಿಯಬಾರದು ಎಂದು ನಂಬಿದ ಮನೆತನ ಅದು. ರೋಹಿಣಿ ನೆಲಕ್ಕೆ ಗೇಣಿರುವಾಗ ಅದನ್ನು ಹಿಡಿದಳು. ಕಣ್ಣಿಗೆ ಒತ್ತಿಕೊಂಡಳು. ಕೈಯ ಖಾರಕ್ಕೆ ಕಣ್ಣು ಧಗ್ಗೆಂದು ಉರಿದು ನೀರು ಸುರಿಯಿತು. ಲಿಂಗವನ್ನು ಸುಶೀಲವ್ವನ ಬೊಗಸೆಗೆ ಹಾಕಿ, "ಹಿಡೀರಿ ಸಣ್ಣತ್ತಿ. ಇದನ್ನ ನೀವು ಕಾಯ್ರಿ, ಅವರನ್ನ ನಾ ಕಾಯ್ತೀನಿ," ಎಂದಳು. ಸುಶೀಲವ್ವ ಬೊಗಸೆಯನ್ನು ಎದೆಗವಚಿಕೊಂಡು ಮೂಲೆಗೆ ಸರಿದು "ಶಿವಶಿವಾ" ಎನ್ನತೊಡಗಿದಳು.

ಅಡುಗೆಮನೆಯ ಸಕ್ಕರೆ ಡಬ್ಬಿಯ ಮುಚ್ಚಳ ಒಮ್ಮೆಗೆ ಬರಲಿಲ್ಲ. ಕಲ್ಲಿಗೆ ಕುಕ್ಕಿ ತೆಗೆದಳು. ಎಚ್ಚರ ತಪ್ಪಿದವರ ಬಾಯಿಗೆ ನೀರು ಸುರಿಯಬಾರದು, ಸಕ್ಕರೆಯನ್ನು ಒಸಡಿಗೆ ತಿಕ್ಕಬೇಕು ಎಂದಿದ್ದರು ಡಾಕ್ಟರು. ಅತ್ತೆಯ ತಲೆಯನ್ನು ಒಂದು ಮಗ್ಗುಲಿಗೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ತೋಯಿಸಿದ ಸಕ್ಕರೆಯನ್ನು ಬೆರಳಿನಿಂದ ತುಟಿಯ ಒಳಗೆ, ಒಸಡಿಗೆ, ಕೆನ್ನೆಯ ಒಳಗೆ ತಿಕ್ಕಿದಳು. ಎರಡು ವರ್ಷದ ಹಿಂದೆ ಇನ್ನೊಂದು ತಲೆಯನ್ನು ಹೀಗೆಯೇ ತೊಡೆಯ ಮೇಲೆ ಹಿಡಿದಿದ್ದಳು, ಇದೇ ಪಡಸಾಲೆಯಲ್ಲಿ. ಅದು ನೆನಪಾಗಿ ಅವಳಿಗೆ ಅಳು ಬಂತು. ತಿಕ್ಕುತ್ತಲೇ ಅತ್ತಳು. ಹೊರಗೆ ಗುಡುಗಿತು. ಹನಿ ಬೀಳತೊಡಗಿದವು. ಕಣದ ಕಾಯಿಯ ನೆನಪು ಬಂತು, ಹಾಗೆಯೇ ಹೋಯಿತು.

ಕೈ ತೊಳೆದಿಲ್ಲ ಎಂಬುದು ಆಗ ಹೊಳೆಯಿತು. ಬೆಳಗಿನಿಂದ ಕಾಯಿ ಆರಿಸಿದ ಬೆರಳು, ಅಷ್ಟೂ ಖಾರ ಆ ಬಾಯೊಳಗೆ ಹೋಗಿತ್ತು. ಏನು ಮಾಡುವುದು? ಇನ್ನೊಂದು ಚಿಟಿಕೆ ಸಕ್ಕರೆ ತೆಗೆದುಕೊಂಡಳು, ಮತ್ತೆ ತಿಕ್ಕಿದಳು.

ಶಿವಗಂಗವ್ವನ ಹುಬ್ಬು ಗಂಟಾಯಿತು. ಮೊದಲು ನಾಲಿಗೆ ಅಲುಗಿತು, ಆಮೇಲೆ ಗಂಟಲಿನಿಂದ ಒಂದು ನರಳಿಕೆ ಬಂತು. "ಉರಿ..." ಎಂದಳು. ಕಣ್ಣು ತೆರೆದಳು. ತೆರೆದ ಕಣ್ಣು ರೋಹಿಣಿಯನ್ನು ಗುರುತಿಸಲು ಬಹಳ ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಆ ಕಣ್ಣಿನಲ್ಲಿ ಬಂದದ್ದು ಸಿಟ್ಟು.

"ಯಾಕ ಎಳದಿ ನನ್ನ?"

ಕಾಯಿ ಚೀಲ ಒಯ್ಯಲು ಬಂದಿದ್ದ ಇಸ್ಮಾಯಿಲಸಾಬನ ಟೆಂಪೋದಲ್ಲಿಯೇ ಕುಂದಗೋಳದ ಆಸ್ಪತ್ರೆಗೆ ಒಯ್ದರು. ಡಾಕ್ಟರು ಗ್ಲೂಕೋಸ್ ಬಾಟಲಿ ಏರಿಸಿದರು, ಇನ್ನೊಂದಿಷ್ಟು ತಡವಾಗಿದ್ದರೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಕಾಶಿನಾಥನನ್ನು ಎಲ್ಲರೆದುರು ಬೈದರು. ಸಕ್ಕರೆ ಅಷ್ಟು ಇಳಿದಾಗ ತಲೆ ಏನೇನೋ ತೋರಿಸುತ್ತದೆ, ನೆಚ್ಚಬೇಡಿ ಎಂದರು. ಕಾಶಿನಾಥ ತಲೆ ತಗ್ಗಿಸಿ ಕೇಳಿದ. ಡಾಕ್ಟರು ಅತ್ತ ಹೋದದ್ದೇ ತಾಯಿಯ ಮಂಚದ ಅಂಚಿಗೆ ಕೂತು ಮೆಲ್ಲಗೆ ಕೇಳಿದ, "ಏನರ ಕಂಡಿತೇನಬೇ?"

ರೋಹಿಣಿಗೆ ಅವನ ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಹುಚ್ಚು ಬಿಟ್ಟ ಹೊರತು ಮದುವೆ ಆಗದು, ಮದುವೆ ಆದ ಹೊರತು ಹುಚ್ಚು ಬಿಡದು ಅನ್ನುತ್ತಾರೆ. ಇವನಿಗೆ ಮದುವೆಯೂ ಆಗಿತ್ತು, ಹುಚ್ಚೂ ಬಿಟ್ಟಿರಲಿಲ್ಲ.

"ಕಂಡ," ಎಂದಳು ಶಿವಗಂಗವ್ವ. ಮುಖದ ಮೇಲೆ ಬೆಳಕಿತ್ತು. "ಹಳ್ಳದ ದಂಡಿಗೆ ಕುಂತಿದ್ದ. ದಿನಾ ಹಾಕ್ಕೊತಿದ್ನಲ್ಲ, ಅದ ನೀಲಿ ಅಂಗಿ. ನನಗ ಬೆನ್ನ ಮಾಡಿ ಕುಂತಿದ್ದ. ಸಂಗೂ ಅಂತ ಕರದೆ. ಕೇಳಿಸ್ತು ಅವಂಗ. ಕುತ್ತಿಗಿ ಹಿಂಗ ಅಲುಗಿಸಿದ, ಇನ್ನೇನ ತಿರುಗಾವ ಇದ್ದ. ಅಷ್ಟರಾಗ ನನ್ನ ಬಾಯಾಗ ಬೆಂಕಿ ಬಿತ್ತು. ಈಕಿ ಎಳಕೊಂಡಳು." ರೋಹಿಣಿಯ ಕಡೆ ನೋಡಿದಳು. "ಇನ್ನೊಂದ ಗಳಿಗಿ ಬಿಟ್ಟಿದ್ರ ಮಾರಿ ನೋಡ್ತಿದ್ದೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರ ಕಣ್ಣ ಮುಂದೆಯೂ ಆ ತಲೆ ತಿರುಗಿತು. ತಿರುಗಿದಾಗ ಅಲ್ಲಿ ಏನಿರುತ್ತಿತ್ತು ಎಂಬುದು ಅವರಿಬ್ಬರಿಗೂ ಗೊತ್ತಿತ್ತು. ಕಾಶಿನಾಥನ ಫೋನು ಹೊಡೆದುಕೊಂಡಿತು. ಯಾನಗುರು. ತಾಯಿಯವರ ಅನುಭವವನ್ನು ವಿಡಿಯೋ ಮಾಡಿ ಕಳಿಸಿದರೆ ಎಷ್ಟೋ ಜನರಿಗೆ ದಾರಿದೀಪವಾಗುತ್ತದೆ ಎಂದ. ಜವಾಬ್ದಾರಿ ಬೇಡವಾಗಿತ್ತು ಅವನಿಗೆ, ಫಲ ಬೇಕಾಗಿತ್ತು. ರೋಹಿಣಿ ಗಂಡನ ಕೈಯಿಂದ ಫೋನು ಕಸಿದು ಬಂದ್ ಮಾಡಿದಳು.

ಮನೆಗೆ ಬಂದ ಮೇಲೆ ರೋಹಿಣಿ ಹೊಲ ಬಿಟ್ಟಳು. ತೊಯ್ದ ಕಾಯಿ ಕಪ್ಪಾದವು, ಆಗಲಿ. ಸೂಜಿಯನ್ನು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಬೆಳಿಗ್ಗೆ ಸೂಜಿ ಚುಚ್ಚಿ, ರೊಟ್ಟಿ ಬಡಿಸಿ, ಮುಂದೆಯೇ ಕೂರುತ್ತಿದ್ದಳು. ಶಿವಗಂಗವ್ವ ತಕರಾರು ಮಾಡಲಿಲ್ಲ. ಕೌದಿ ಹೊದ್ದು ಕೂತು, ರೊಟ್ಟಿ ಮುರಿದು, ಬಾಯಾಡಿಸುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಸುಶೀಲವ್ವ ಕುಟುಕಿದಾಗ ಎಲ್ಲರೂ ನಕ್ಕರು, ಶಿವಗಂಗವ್ವನೂ ನಕ್ಕಳು. ಆ ನಗೆಯೇ ರೋಹಿಣಿಗೆ ಹೆದರಿಕೆ ಹುಟ್ಟಿಸಿತು. ಇಷ್ಟು ಸುಲಭವಾಗಿ ಮಾತು ಕೇಳುವ ಹೆಂಗಸಲ್ಲ ಅವಳು.

ಒಂದು ಬೆಳಿಗ್ಗೆ ಅತ್ತೆ ಉಂಡು ತಾಟು ಸರಿಸಿದ ಮೇಲೆ ರೋಹಿಣಿ ನೀರು ತರಲು ಒಳಗೆ ಹೋದಳು. ತಿರುಗಿ ಬರುವಾಗ ಶಿವಗಂಗವ್ವ ಮೂಡಣ ಗೋಡೆಯ ಕಡೆ ಸರಿದು ಕೂತಿದ್ದಳು. ಕೊರಳಿನ ಬೆಳ್ಳಿಬಣ್ಣದ ದಾರವನ್ನು ಹೊರಗೆ ತೆಗೆದಿದ್ದಳು. ಹಣೆ ಆಗಲೇ ಮಿಣ್ಣಗೆ ಬೆವತಿತ್ತು. ರೋಹಿಣಿ ತಂಬಿಗೆ ಇಟ್ಟು, ಮಾತಿಲ್ಲದೆ, ಅತ್ತೆಯ ಮೈಮೇಲಿನ ಕೌದಿಯ ತುದಿ ಹಿಡಿದು ಎಳೆದಳು. ಮಡಿಕೆಯಿಂದ ರೊಟ್ಟಿಯ ಚೂರುಗಳು ಪಟಪಟನೆ ನೆಲಕ್ಕೆ ಉದುರಿದವು. ಅವತ್ತಿನವು ಮೆತ್ತಗಿದ್ದವು, ಇಡೀ ರೊಟ್ಟಿಯೇ ಅಲ್ಲಿತ್ತು. ಹಿಂದಿನ ದಿನಗಳಲ್ಲಿ ಒಂದೆರಡು ತುತ್ತು ಉಳಿಸಿ ಅಡಗಿಸಿದವು ಹಪ್ಪಳದಂತೆ ಒಣಗಿದ್ದವು.

ಶಿವಗಂಗವ್ವನ ಮುಖದಲ್ಲಿ ಕಳ್ಳತನದಲ್ಲಿ ಸಿಕ್ಕವರ ಗಾಬರಿ ಇರಲಿಲ್ಲ.

"ದಾರಿ ಗೊತ್ತಾಗೇತಿ ನನಗ ಈಗ," ಎಂದಳು. "ಶಿಬಿರಾನೂ ಬ್ಯಾಡ, ಗುರುನೂ ಬ್ಯಾಡ. ಸೂಜಿ ಹಾಕ್ಕೊಂಡು ಉಣ್ಣದಿದ್ರ ಸಾಕು. ಒಂದ ಸಲ ಬಿಡು ನನ್ನ. ಮಾರಿ ನೋಡಿ ಬರ್ತೀನಿ."

"ಬರದಿದ್ರರಿ?"

"ಬರದಿದ್ರ ಏನಾತು? ಮಾರಿ ಅರ ನೋಡಿರ್ತೀನಲ್ಲ."

ಕಾಶಿನಾಥ ಅಂಗಡಿಗೆ ಹೊರಟು ಹೊಸ್ತಿಲಲ್ಲಿ ನಿಂತಿದ್ದ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ. ರೋಹಿಣಿ ಅವನ ಕಡೆ ನೋಡಿದಳು. ಅವಳು ಏನು ಮಾಡಲು ಹೊರಟಿದ್ದಾಳೆಂದು ಅವನಿಗೆ ತಿಳಿಯಿತು. ಬೇಡ ಎಂದು ತಲೆಯಾಡಿಸಿದ. ಕೈ ಮುಗಿದ. ಹೇಳಿದರೆ ಇದೇ ಇವಳನ್ನು ಕೊಲ್ಲುತ್ತದೆ ಎಂದು ರೋಹಿಣಿಗೂ ಅನಿಸಿತು. ಆದರೆ ಹೇಳದೆ ಇದ್ದರೆ ಎಷ್ಟು ದಿನ ಕೌದಿ ಜಾಡಿಸುತ್ತ ಕೂರುವುದು?

"ಅತ್ತಿ," ಎಂದು ಎದುರಿಗೆ ಕೂತು ಅವಳ ಎರಡೂ ಕೈ ಹಿಡಿದುಕೊಂಡಳು. "ನೋಡಾಕ ಮಾರಿ ಇರಲಿಲ್ರಿ."

ಶಿವಗಂಗವ್ವ ಅರ್ಥವಾಗದವಳಂತೆ ನೋಡಿದಳು.

"ಮಲಗಿದಂಗ ಇರಲಿಲ್ರಿ ಅವರು. ಸುಳ್ಳ ಹೇಳಿದ್ವಿ. ಗಾಲಿ ಮಾರಿ ಮ್ಯಾಲ ಹರದಿತ್ತು. ಏನೂ ಉಳಿದಿರಲಿಲ್ಲ. ಬಿಳಿ ಅರಬಿ ಸುತ್ತುವಾಗ ತಲಿ ಹಿಡದಾಕಿ ನಾನ, ಈ ಕೈಯಿಂದ. ಮ್ಯಾಲ ಹೂವ ಮುಚ್ಚಿದ್ವಿ. ನೀವು ನೋಡಬಾರದು ಅಂತ ನಿಮ್ಮ ಮಗ ಲಗೂನ ಮಣ್ಣ ಮಾಡಿಸಿದ್ರು. ನೀವು ಅಷ್ಟ ಅಲ್ರಿ, ಯಾರೂ ನೋಡಿಲ್ಲ ಕಡೀಕ ಆ ಮಾರಿ. ಇರಲಿಲ್ಲ ಅದು."

ಹೊಸ್ತಿಲಲ್ಲಿ ಕಾಶಿನಾಥ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಅಳು ಪಡಸಾಲೆಯಲ್ಲಿ ಕೇಳುತ್ತಿತ್ತು. ಶಿವಗಂಗವ್ವ ಅಳಲಿಲ್ಲ. ಅವಳ ಕೈ ರೋಹಿಣಿಯ ಕೈಯೊಳಗೆ ನಡುಗುತ್ತಿತ್ತು, ಅದು ಸೂಜಿಯ ನಡುಕವೋ ಮಾತಿನ ನಡುಕವೋ ರೋಹಿಣಿಗೆ ತಿಳಿಯಲಿಲ್ಲ. ಶಿವಗಂಗವ್ವ ತಲೆ ತಿರುಗಿಸಿ, ಬೆನ್ನ ಹಿಂದಿನ ಆ ಗೋಡೆಯನ್ನು ಬಹಳ ಹೊತ್ತು ನೋಡಿದಳು.

"ಅದಕ್ಕನ ಬೆನ್ನ ಮಾಡಿ ಕುಂತಿದ್ದ," ಎಂದಳು.

ಡಾಕ್ಟರು ಹೇಳಿದ್ದು ರೋಹಿಣಿಯ ಬಾಯಿಗೆ ಬಂತು. ಸಕ್ಕರೆ ಇಳಿದಾಗ ತಲೆ ಏನೇನೋ ತೋರಿಸುತ್ತದೆ ಎನ್ನಬೇಕು ಎಂದುಕೊಂಡಳು. ಅನ್ನಲಿಲ್ಲ.

"ಅವ್ವ ನೋಡಿದ್ರ ಹೆದರತಾಳ ಅಂತ ತಿಳದ ಕುಂತಿದ್ದ ನನ್ನ ಕೂಸು. ನಾ ಬ್ಯಾರೆ ಕರದು ಕರದು ಕಾಡೀನಿ ಅವನ್ನ." ಅವಳು ಗೋಡೆಗೆ ಅಂಗೈ ಇಟ್ಟಳು, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ. "ತಿರುಗಬ್ಯಾಡ ಬಿಡಪಾ. ಇನ್ನ ಕರಿಯಂಗಿಲ್ಲ ನಾ."

ಆಮೇಲೆ ಬಗ್ಗಿ, ನೆಲಕ್ಕೆ ಬಿದ್ದಿದ್ದ ಮೆತ್ತನೆಯ ಚೂರೊಂದನ್ನು ಎತ್ತಿ, ಸೆರಗಿಗೆ ಒರೆಸಿ, ಬಾಯಿಗೆ ಹಾಕಿಕೊಂಡಳು. ಮೆಲ್ಲಗೆ ಅಗಿಯತೊಡಗಿದಳು. ರೋಹಿಣಿ ಆ ತುತ್ತು ಗಂಟಲು ಇಳಿಯುವವರೆಗೂ ಆ ಗಂಟಲನ್ನೇ ನೋಡುತ್ತ ಕೂತಳು.